ಹುಲಿಗಿಯಲ್ಲಿ ಮಗು ಕೇಳಿದ ಪ್ರಶ್ನೆ

ಹುಣ್ಣಿಮೆಯ ದಿನ ಹುಲಿಗಿಗೆ ಹೋಗುವವರು ಬೆಳಗಿನ ಮೊದಲ ಬಸ್ಸನ್ನೇ ಹಿಡಿಯುವುದು ಒಳ್ಳೆಯದು. ಹೊತ್ತು ಏರಿದ ಮೇಲೆ ಮುನಿರಾಬಾದಿನ ಕಡೆಯಿಂದ ದಾರಿಯುದ್ದಕ್ಕೂ ಜನವೋ ಜನ. ತುಂಗಭದ್ರೆಯ ದಂಡೆಯಲ್ಲಿರುವ ಹುಲಿಗೆಮ್ಮನ ಗುಡಿಗೆ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ಒಕ್ಕಲು ಮಾತ್ರವಲ್ಲ, ಬಳ್ಳಾರಿ, ರಾಯಚೂರು ಮತ್ತು ಆಂಧ್ರದ ಗಡಿಯೂರುಗಳಿಂದಲೂ ಭಕ್ತರು ಬರುತ್ತಾರೆ. ಅಂಥ ಒಂದು ದಿನ, ಗುಡಿಯ ಮುಂದಿನ ಸಾಲಿನಲ್ಲಿ ಈ ವರದಿಗಾರನೂ ನಿಂತಿದ್ದ. ತಲೆಯ ಮೇಲೆ ಹಿತ್ತಾಳೆಯ ಕೊಡ ಹೊತ್ತ ಜೋಗತಿಯೊಬ್ಬರು ಪಕ್ಕದಲ್ಲಿ ಹಾದು ಹೋದರು. ಹಿಂದೆ ಚೌಡಿಕೆಯ ಸದ್ದು. ತಂದೆಯ ಹೆಗಲ ಮೇಲೆ ಕೂತಿದ್ದ ನಾಲ್ಕೈದು ವರ್ಷದ ಹುಡುಗನೊಬ್ಬ ಎಲ್ಲರಿಗೂ ಕೇಳುವ ಹಾಗೆ ಕೇಳಿದ: "ಅಪ್ಪಾ, ಇವ್ರು ಗಂಡಸರೋ, ಹೆಂಗಸರೋ?"

ತಂದೆ ಕೇಳಿಸದವನಂತೆ ನಿಂತ. ತಾಯಿಯೇ ಮಗನ ಎರಡೂ ಕೈ ಜೋಡಿಸಿ, "ದೇವ್ರ ಮಂದಿ ಅದಾರ, ಕೈ ಮುಗಿ" ಎಂದಳು. ಜೋಗತಿ ನಕ್ಕು, ಹುಡುಗನ ಹಣೆಗೆ ಭಂಡಾರ ಹಚ್ಚಿ ಮುಂದೆ ನಡೆದರು.

ಆ ತಾಯಿ ಕೊಟ್ಟ ಉತ್ತರಕ್ಕೆ ನೂರಾರು ವರ್ಷದ ಇತಿಹಾಸವಿದೆ. ಅದರಲ್ಲಿ ಗೌರವವೂ ಇದೆ. ಮಗುವಿನ ಕೈ ಮುಗಿಸಿದ ಉತ್ತರ ಅದು, ಬೆರಳು ಮಾಡಿ ನಗಿಸಿದ್ದಲ್ಲ. ಆದರೆ ಅದು ಬೇರೆಯವರ ಮಗುವಿನ ಬಗ್ಗೆ ಕೊಟ್ಟ ಉತ್ತರ. ಅದೇ ಹುಡುಗ ಮನೆಗೆ ಹೋಗಿ, ಕನ್ನಡಿಯ ಮುಂದೆ ಅಕ್ಕನ ಲಂಗ ತೊಟ್ಟು ನಿಂತು, "ಅವ್ವಾ, ನಾನು ಯಾರು?" ಎಂದು ಕೇಳಿದರೆ? ಆಗ "ದೇವ್ರ ಮಂದಿ" ಎಂಬ ಮಾತು ಅಷ್ಟು ಸುಲಭವಾಗಿ ಬಾಯಿಗೆ ಬರುವುದಿಲ್ಲ. ಅಂಥ ಮಗುವಿಗೂ ಅದರ ತಾಯಿತಂದೆಗೂ ಓದಿ ಹೇಳುವುದಕ್ಕೆಂದೇ ಕಳೆದ ಹದಿನೈದು ಇಪ್ಪತ್ತು ವರ್ಷಗಳಿಂದ ಒಂದು ಹೊಸ ಬಗೆಯ ಚಿತ್ರಪುಸ್ತಕಗಳು ಬರುತ್ತಿವೆ. ಮೊದಲು ಅಮೆರಿಕದಲ್ಲಿ ಬಂದವು, ಈಗ ನಮ್ಮ ದೇಶದಲ್ಲೂ ಇವೆ. ಅವನ್ನು ಓದುತ್ತಿದ್ದಾಗ ಹುಲಿಗಿ ಮತ್ತೆ ಮತ್ತೆ ನೆನಪಾಯಿತು. ಎರಡೂ ಕಡೆ ಇರುವುದು ಒಂದೇ ಮಗು, ಒಂದೇ ಪ್ರಶ್ನೆ. ಕಥೆ ಮುಗಿಯುವ ಜಾಗ ಮಾತ್ರ ಬೇರೆ.

ಹುಲಿಗೆಮ್ಮ ಸವದತ್ತಿಯ ರೇಣುಕಾ ಎಲ್ಲಮ್ಮನೇ ಎಂಬುದು ಸ್ಥಳಪುರಾಣ. ನಾಗಜೋಗಿ, ಬಸವಜೋಗಿ ಎಂಬ ಇಬ್ಬರು ಭಕ್ತರು ಹುಣ್ಣಿಮೆ ಹುಣ್ಣಿಮೆಗೆ ಸವದತ್ತಿಗೆ ನಡೆದು ಹೋಗುತ್ತಿದ್ದರಂತೆ. ಅವರ ಭಕ್ತಿಗೆ ಮೆಚ್ಚಿ ದೇವಿ ತಾನೇ ಹೊಳೆದಂಡೆಗೆ ಬಂದು ನೆಲೆಸಿದಳಂತೆ. ಸವದತ್ತಿಯಲ್ಲಿ ಇರುವಂತೆ ಇಲ್ಲಿಯೂ ಜೋಗಪ್ಪ, ಜೋಗತಿಯರ ಪರಂಪರೆ ಇದೆ. ಗಂಡಾಗಿ ಹುಟ್ಟಿದ ಮಗು ಹೆಣ್ಣಿನ ನಡೆನುಡಿ ತೋರತೊಡಗಿದಾಗ, "ಮೈಮೇಲೆ ಅಮ್ಮ ಬಂದಾಳ" ಎಂದು ಗುರುತಿಸಿ, ಮುತ್ತು ಕಟ್ಟಿಸಿ, ದೇವಿಯ ಹೆಸರಿಗೆ ಬಿಡುವುದು ಈ ಸೀಮೆಯ ವಾಡಿಕೆ. ಮುತ್ತು ಕಟ್ಟಿಸಿಕೊಂಡವರು ಸೀರೆ ಉಡುತ್ತಾರೆ. ಕೊಡ ಹೊರುತ್ತಾರೆ, ಜಗ ಹೊರುತ್ತಾರೆ, ಚೌಡಿಕೆ ಹಿಡಿದು ಎಲ್ಲಮ್ಮನ ಹಾಡು ಹಾಡುತ್ತಾರೆ. ಬೇರೆಡೆಯ ಹಿಜ್ರಾ ಪರಂಪರೆಗೂ ಇವರಿಗೂ ಒಂದು ಮುಖ್ಯ ವ್ಯತ್ಯಾಸವಿದೆ. ಜೋಗಪ್ಪಗಳಲ್ಲಿ ಶಸ್ತ್ರಕ್ರಿಯೆಯ ಕಟ್ಟುಪಾಡಿಲ್ಲ. ದೇವಿ ಕೊಟ್ಟ ಮೈಯನ್ನು ಹಾಗೆಯೇ ಇಟ್ಟುಕೊಳ್ಳಬೇಕೆಂಬುದು ನಂಬಿಕೆ. ಬೆಂಗಳೂರಿನ ಅನೇಕ ಸಂಸ್ಥೆ 2014ರಲ್ಲಿ ಜೋಗಪ್ಪಗಳ ಬದುಕನ್ನು ಕುರಿತು ಹೊರತಂದ ಅಧ್ಯಯನ ಈ ವಿಷಯವನ್ನು ವಿವರವಾಗಿ ಚರ್ಚಿಸಿದೆ.

ಮನೆಯವರು ಇದನ್ನು ಒಪ್ಪುವುದು ಹೇಗೆ? ಮೊದಲು ಬೈಗುಳ, ಹೊಡೆತ, ಮಂತ್ರ, ತಾಯತ. ಮನೆಯಲ್ಲಿ ಎಮ್ಮೆ ಸತ್ತರೆ, ಯಾರಾದರೂ ಜ್ವರ ಬಂದು ಮಲಗಿದರೆ, "ಅಮ್ಮನ ಕೂಸನ್ನು ಕಾಡಿದ್ದಕ್ಕೆ ಹೀಗಾಯಿತು" ಎಂಬ ಮಾತು ಹೊರಡುತ್ತದೆ. ಅಲ್ಲಿಂದ ಹೊಡೆತ ನಿಲ್ಲುತ್ತದೆ. ಇದು ಒಂದು ರೀತಿಯಲ್ಲಿ ಮಗುವನ್ನು ಉಳಿಸುವ ಉಪಾಯ. ದೇವಿಯ ಭಯವಿಲ್ಲದಿದ್ದರೆ ಆ ಮಗುವಿನ ಪರ ನಿಲ್ಲುವವರು ಆ ಮನೆಯಲ್ಲಿ ಯಾರೂ ಇರುತ್ತಿರಲಿಲ್ಲ. ಕೆಲವು ಮನೆಗಳಲ್ಲಿ ಜೋಗಪ್ಪ ತಾಯಿಯ ಜತೆಯಲ್ಲೇ ಉಳಿದು ಬಾಳಿದ್ದೂ ಉಂಟು. ಆದರೆ ಎಷ್ಟೋ ಮನೆಗಳಲ್ಲಿ ಮುತ್ತು ಕಟ್ಟಿಸಿದ ದಿನವೇ ಮಗ ಎಂಬ ಲೆಕ್ಕ ಮುಗಿಯಿತು. ಮಗು ದೇವಿಯದಾಯಿತು ಎಂದರೆ ಮನೆಯದಲ್ಲ ಎಂದೂ ಅರ್ಥ.

ಇದಕ್ಕೆ ನಮ್ಮ ಕಣ್ಣ ಮುಂದೆ ಇರುವ ದಾಖಲೆ ಮಂಜಮ್ಮ ಜೋಗತಿ ಅವರ ಬದುಕು. ಬಳ್ಳಾರಿ ಜಿಲ್ಲೆಯ ಕುರುಗೋಡು ಸೀಮೆಯ ಕಲ್ಲುಕಂಬದಲ್ಲಿ ಹುಟ್ಟಿದಾಗ ಅವರ ಹೆಸರು ಮಂಜುನಾಥ ಶೆಟ್ಟಿ. ಹುಡುಗಿಯರ ಜತೆಗೇ ಆಟ, ಅವರ ಹಾಗೆಯೇ ನಡಿಗೆ. ಮನೆಯವರು ಹೊಡೆದು ತಿದ್ದಲು ನೋಡಿದರು, ತಿದ್ದುವುದಾಗಲಿಲ್ಲ. ಕೊನೆಗೆ 1975ರಲ್ಲಿ ಕರೆದುಕೊಂಡು ಬಂದದ್ದು ಇದೇ ಹುಲಿಗೆಮ್ಮನ ಗುಡಿಗೆ. ಉಡಿದಾರ ಕತ್ತರಿಸಿ, ಲಂಗ, ರವಿಕೆ, ಬಳೆ ಕೊಟ್ಟ ಆ ದಿನವನ್ನೂ, ಮಗನನ್ನು ಕಳೆದುಕೊಂಡೆನೆಂದು ತಾಯಿ ಅತ್ತದ್ದನ್ನೂ ಅವರು ಹಲವು ಸಲ ಹೇಳಿಕೊಂಡಿದ್ದಾರೆ. ಆಚಾರದ ಪ್ರಕಾರ ಅದು ಮಂಗಳಕಾರ್ಯ. ತಾಯಿ ಅತ್ತದ್ದು ಸಾವಿನ ಮನೆಯ ಅಳು. ಮುಂದೆ ವಿಷ ಕುಡಿದು ಬದುಕಿದ್ದು, ಮನೆ ಬಿಟ್ಟದ್ದು, ಭಿಕ್ಷೆ ಬೇಡಿದ್ದು, ಕಾಳವ್ವ ಜೋಗತಿಯವರ ಮೇಳ ಸೇರಿ ಎಲ್ಲಮ್ಮನ ಆಟದಲ್ಲಿ ಪಾತ್ರ ಕಟ್ಟಿದ್ದು ಎಲ್ಲ ಈಗ ನಾಡಿಗೆ ಗೊತ್ತಿರುವ ಕಥೆ. 2019ರಲ್ಲಿ ಅವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರ ನವೆಂಬರ್‌ನಲ್ಲಿ ರಾಷ್ಟ್ರಪತಿ ಭವನದಲ್ಲಿ ಪದ್ಮಶ್ರೀ ಸ್ವೀಕರಿಸುವಾಗ ಸೆರಗಿನಿಂದ ರಾಷ್ಟ್ರಪತಿಗಳ ದೃಷ್ಟಿ ತೆಗೆದದ್ದನ್ನು ಟಿವಿಯಲ್ಲಿ ನೋಡದವರು ಕಡಿಮೆ. ಅರುಣ್ ಜೋಳದಕೂಡ್ಲಿಗಿ ಅವರು ನಿರೂಪಿಸಿದ ಮಂಜಮ್ಮನವರ ಆತ್ಮಕಥನಕ್ಕೆ "ನಡುವೆ ಸುಳಿವ ಹೆಣ್ಣು" ಎಂದು ಹೆಸರು. ಗಂಡು ಹೆಣ್ಣೆಂಬ ಗುರುತುಗಳ ನಡುವೆ ಸುಳಿಯುವ ಆತ್ಮ ಎರಡೂ ಅಲ್ಲವೆಂದ ಜೇಡರ ದಾಸಿಮಯ್ಯನ ವಚನವನ್ನು ಈ ಹೆಸರು ನೆನಪಿಸುತ್ತದೆ.

ಇಲ್ಲೊಂದು ಮಾತು. ಕನ್ನಡದಲ್ಲಿ ಈ ವಿಷಯದ ಬರವಣಿಗೆ ಬಡವಾಗಿಲ್ಲ. ಎ. ರೇವತಿಯವರ ಆತ್ಮಕಥೆ ದು. ಸರಸ್ವತಿಯವರ ಅನುವಾದದಲ್ಲಿ "ಬದುಕು ಬಯಲು" ಎಂದು ಬಂತು, ರಂಗದ ಮೇಲೂ ಬಂತು. ಲಿವಿಂಗ್ ಸ್ಮೈಲ್ ವಿದ್ಯಾ ಅವರ ತಮಿಳು ಆತ್ಮಕಥೆಯನ್ನು ಆಧರಿಸಿ ಬಿ.ಎಸ್. ಲಿಂಗದೇವರು "ನಾನು ಅವನಲ್ಲ... ಅವಳು" ಸಿನಿಮಾ ಮಾಡಿದರು; ಅದರ ನಟನೆಗಾಗಿ ಸಂಚಾರಿ ವಿಜಯ್ ಅವರಿಗೆ ರಾಷ್ಟ್ರಪ್ರಶಸ್ತಿ ಪ್ರಕಟವಾದದ್ದು 2015ರಲ್ಲಿ. ಆದರೆ ಇವೆಲ್ಲ ದೊಡ್ಡವರು ದೊಡ್ಡವರಿಗೆ ಹೇಳಿದ ಕಥೆಗಳು. ಎಲ್ಲದರಲ್ಲೂ ಬಾಲ್ಯ ಬರುತ್ತದೆ, ಆದರೆ ಬರುವುದು ಗಾಯದ ರೂಪದಲ್ಲಿ. ಮನೆ ಬರುತ್ತದೆ, ಬಿಟ್ಟು ಹೋದ ಮನೆಯಾಗಿ. ಆರು ವರ್ಷದ ಮಗುವಿನ ಕೈಗೆ ಇವನ್ನು ಕೊಡಲಾಗದು.

ಹಾಗಾದರೆ ಇಲ್ಲಿನ ಮಕ್ಕಳು ಇಂಥ ಪಾತ್ರವನ್ನು ಚಿತ್ರದಲ್ಲಿ ಕಂಡೇ ಇರಲಿಲ್ಲವೇ? ಕಂಡಿದ್ದರು. ಮುದ್ರಿತ ಚಿತ್ರಪುಸ್ತಕ ಬರುವ ಮುಂಚೆ ಕೊಪ್ಪಳ ಸೀಮೆಯ ಮಕ್ಕಳ ಚಿತ್ರಪುಸ್ತಕವೆಂದರೆ ತೊಗಲುಗೊಂಬೆಯಾಟ. ಕೊಪ್ಪಳ ತಾಲ್ಲೂಕಿನ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ ತೊಂಬತ್ತು ದಾಟಿದ ವಯಸ್ಸಿನಲ್ಲಿ, 2025ರಲ್ಲಿ, ಈ ಕಲೆಗಾಗಿ ಪದ್ಮಶ್ರೀ ಬಂತು. ಬಣ್ಣ ಹಚ್ಚಿದ ತೊಗಲಿನ ಹಿಂದೆ ದೀಪ, ಮುಂದೆ ಬಿಳಿ ಪರದೆ. ಅವ್ವಂದಿರ ಮಡಿಲಲ್ಲಿ ಅರ್ಧ ನಿದ್ದೆಯಲ್ಲಿ ಕೂತ ಮಕ್ಕಳು. ಮಳೆ ಹೋದ ವರ್ಷ ವಿರಾಟಪರ್ವ ಓದಿಸಿದರೆ, ಆಡಿಸಿದರೆ ಮಳೆಯಾಗುತ್ತದೆಂಬ ನಂಬಿಕೆ ಈ ಬಯಲುಸೀಮೆಯಲ್ಲಿ ಗಟ್ಟಿಯಾಗಿದೆ. ವಿರಾಟಪರ್ವವೆಂದ ಮೇಲೆ ಬೃಹನ್ನಳೆ ಬರಲೇಬೇಕು. ಊರ್ವಶಿಯ ಶಾಪವನ್ನು ಹೊತ್ತ ಅರ್ಜುನ, ಹೆಣ್ಣುಡುಗೆಯಲ್ಲಿ ವಿರಾಟನ ಅಂತಃಪುರ ಸೇರಿ ಉತ್ತರೆಗೆ ನಾಟ್ಯ ಕಲಿಸುತ್ತಾನೆ. ರಾಜಮನೆತನದ ಮಕ್ಕಳಿಗೆ ಗುರುವಾದ, ಅರಸನೇ ನಂಬಿ ಮಗಳನ್ನು ಒಪ್ಪಿಸಿದ ಪಾತ್ರ ಅದು. ಗದುಗಿನ ಕುಮಾರವ್ಯಾಸ ಹಾಡಿದ ಈ ಪರ್ವವನ್ನು ಕೇಳದ ಅಜ್ಜ ಅಜ್ಜಿ ಈ ಭಾಗದಲ್ಲಿ ಇಲ್ಲ.

ಆದರೆ ಬೃಹನ್ನಳೆಯದು ವೇಷ. ವರ್ಷ ಮುಗಿದ ಕೂಡಲೇ ಗಾಂಡೀವ ಕೈಗೆ ಬರುತ್ತದೆ, ಎಲ್ಲರೂ ನಿಟ್ಟುಸಿರು ಬಿಡುತ್ತಾರೆ. ಯಾವ ಮಗುವಿಗೆ ಅದು ವೇಷವಲ್ಲವೋ ಆ ಮಗುವಿಗೆ ಈ ಕಥೆಯಿಂದ ಅಂಥ ಧೈರ್ಯವೇನೂ ಸಿಗದು. ಶಿಖಂಡಿಯ ಗತಿ ಇನ್ನೂ ವಿಚಿತ್ರ. ಮಹಾಭಾರತದಲ್ಲಿ ದ್ರುಪದ ಹೆಣ್ಣಾಗಿ ಹುಟ್ಟಿದ ಮಗುವನ್ನು ಗಂಡೆಂದೇ ಸಾಕುತ್ತಾನೆ. ಮುಂದೆ ಯಕ್ಷನೊಬ್ಬ ತನ್ನ ಗಂಡುತನವನ್ನೇ ಕೊಡುತ್ತಾನೆ. ಭೀಷ್ಮನಂಥವನನ್ನು ಕೆಡವಲು ಆ ಮಗುವೇ ಬೇಕಾಗುತ್ತದೆ. ಇಷ್ಟು ದೊಡ್ಡ ಕಥೆಯಿಂದ ನಮ್ಮ ಶಾಲೆಯ ಅಂಗಳಕ್ಕೆ ಉಳಿದದ್ದು ಒಂದು ಬೈಗುಳ ಮಾತ್ರ. ದೊಡ್ಡಾಟದಲ್ಲಿ ರಾತ್ರಿಯೆಲ್ಲ ಸ್ತ್ರೀಪಾತ್ರ ಮಾಡಿದ ಗಂಡಸಿಗೆ ಸಿಳ್ಳೆ, ಆಹೇರಿ ಎರಡೂ ಸಿಗುತ್ತವೆ. ಆದರೆ ಆಷಾಢದಲ್ಲಿ ಅಕ್ಕತಂಗಿಯರ ಜತೆ ಕೂತು ಮಣ್ಣಿನ ಗುಳ್ಳವ್ವನನ್ನು ಮಾಡುವ ಹುಡುಗನಿಗೆ ಹತ್ತು ವರ್ಷ ತುಂಬುವಷ್ಟರಲ್ಲಿ ಓಣಿಯವರೆಲ್ಲ ಸೇರಿ ಹೆಸರಿಟ್ಟಿರುತ್ತಾರೆ.

ಪುರಾಣ ಹೀಗೆ ಹೇಳಿದರೆ ಕಾನೂನು ಬೇರೆಯೇ ಒಂದು ಕಥೆ ಹೇಳಿತು. ಅದು ಭಯದ ಕಥೆ. ಬ್ರಿಟಿಷ್ ಇಂಡಿಯಾದಲ್ಲಿ 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆಯ ಎರಡನೇ ಭಾಗ ಇಂಥವರ ಹೆಸರು, ಮನೆ, ಆಸ್ತಿಯನ್ನು ಪಟ್ಟಿ ಮಾಡಿಸಿತು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಆಗ ಬ್ರಿಟಿಷರ ನೇರ ಆಳ್ವಿಕೆಯಲ್ಲಿರಲಿಲ್ಲ; ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದವು. ಅಲ್ಲಿಯೂ ಫಸಲಿ 1329ರಲ್ಲಿ, ಅಂದರೆ ಸುಮಾರು 1919ರಲ್ಲಿ, ಅಂಥದೇ ಕಾಯ್ದೆ ಬಂತು. ಪಟ್ಟಿಯಲ್ಲಿರುವವರು ಹೆಣ್ಣುಡುಗೆ ತೊಟ್ಟು ಬೀದಿಯಲ್ಲಿ ಕಂಡರೆ, ಹಾಡಿದರೆ, ಕುಣಿದರೆ ವಾರಂಟ್ ಇಲ್ಲದೆ ಹಿಡಿಯಬಹುದಿತ್ತು. ಹದಿನಾರು ತುಂಬದ ಹುಡುಗನನ್ನು ತಮ್ಮ ಮನೆಯಲ್ಲಿ ಇಟ್ಟುಕೊಂಡರೂ ಶಿಕ್ಷೆ. ಕಾಗದದ ಲೆಕ್ಕದಲ್ಲಿ ಕೊಡ ಹೊತ್ತು ಹುಲಿಗಿಯ ಬೀದಿಯಲ್ಲಿ ಕುಣಿಯುವುದೇ ಅಪರಾಧವಾಗಬಹುದಾಗಿದ್ದ ಕಾಲ ಅದು. ಈ ಕಾಯ್ದೆ ತೆಲಂಗಾಣದಲ್ಲಿ ಎಷ್ಟು ಕಾಲ ಪುಸ್ತಕದಲ್ಲಿ ಉಳಿದಿತ್ತೆಂದರೆ, ಅಲ್ಲಿನ ಹೈಕೋರ್ಟ್ ಅದನ್ನು ಅಸಾಂವಿಧಾನಿಕವೆಂದು ತೆಗೆದುಹಾಕಿದ್ದು 2023ರ ಜುಲೈನಲ್ಲಿ! ನಮ್ಮಲ್ಲಿಯೂ 2011ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೆ 36-ಎ ಎಂಬ ಕಲಮು ಸೇರಿಸಿ ಮತ್ತೆ ಪಟ್ಟಿಯ ಮಾತು ಎತ್ತಲಾಯಿತು. ಅದರ ವಿರುದ್ಧ ಹೈಕೋರ್ಟಿಗೆ ಹೋದ ಮೇಲೆ ಆ ಸಮುದಾಯವನ್ನು ಹೆಸರಿಸಿದ ಪದವನ್ನು ಕೈಬಿಡಲಾಯಿತು.

ಈ ಕಾನೂನುಗಳೆಲ್ಲದರ ಹಿಂದಿದ್ದ ಭಯ ಒಂದೇ: "ಇವರು ನಮ್ಮ ಮಕ್ಕಳನ್ನು ಎತ್ತಿಕೊಂಡು ಹೋಗುತ್ತಾರೆ." ಇವರೂ ಯಾರದೋ ಮನೆಯ ಮಕ್ಕಳಾಗಿದ್ದರು ಎಂಬುದು ಕಾನೂನಿಗೆ ತೋಚಲೇ ಇಲ್ಲ. 2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟ್ ಲಿಂಗತ್ವ ಅಲ್ಪಸಂಖ್ಯಾತರು ತಮ್ಮ ಲಿಂಗತ್ವವನ್ನು ತಾವೇ ಹೇಳಿಕೊಳ್ಳುವ ಹಕ್ಕುಳ್ಳವರೆಂದು ತೀರ್ಪು ಕೊಟ್ಟಿತು. 2021ರಲ್ಲಿ ಕರ್ನಾಟಕ ಸರ್ಕಾರ ತನ್ನ ನೌಕರಿಗಳಲ್ಲಿ ಶೇ 1ರಷ್ಟು ಮೀಸಲು ಕೊಟ್ಟಿತು. ಇವು ದೊಡ್ಡವರಿಗೆ ಸಿಕ್ಕ ಹಕ್ಕುಗಳು. ಆದರೆ 2011ರ ಜನಗಣತಿಯ ಒಂದು ಅಂಕಿಯನ್ನು ಓದುಗರು ಗಮನಿಸಬೇಕು. ಗಂಡು, ಹೆಣ್ಣು ಎಂಬೆರಡರ ಆಚೆ "ಇತರೆ" ಎಂಬ ಕಾಲಮಿನಲ್ಲಿ ಆ ವರ್ಷ ದೇಶದಲ್ಲಿ ದಾಖಲಾದವರು 4,87,803 ಜನ, ಕರ್ನಾಟಕದಲ್ಲಿ 20,266. ದೇಶದ ಆ ಲೆಕ್ಕದಲ್ಲಿ ಆರು ವರ್ಷದೊಳಗಿನ ಮಕ್ಕಳು 54,854. ಆರು ವರ್ಷದ ಮಗು ಜನಗಣತಿಯವರ ಮುಂದೆ ತಾನೇ ನಿಂತು ಉತ್ತರ ಹೇಳುವುದಿಲ್ಲ. ಮನೆ ಬಾಗಿಲಿಗೆ ಬಂದ ಮಾಸ್ತರರಿಗೆ ಆ ಮಾತನ್ನು ಬರೆಸಿದವರು ಮನೆಯ ಹಿರಿಯರೇ. ಐವತ್ತು ಸಾವಿರಕ್ಕೂ ಹೆಚ್ಚು ಮಕ್ಕಳ ಹೆಸರಿನ ಮುಂದೆ ಅದನ್ನು ಬರೆಸುವ ಹೊತ್ತಿಗೆ ಆ ಮನೆಗಳಲ್ಲಿ ಏನು ಮಾತಾಗಿರಬಹುದು?

ಚಿತ್ರಪುಸ್ತಕಗಳು ಪ್ರವೇಶಿಸುವುದು ಈ ಮನೆಗಳ ಒಳಗೆ. ಅಮೆರಿಕದ ಮಾರ್ಕಸ್ ಎವರ್ಟ್ 2008ರಲ್ಲಿ ಬರೆದ "10,000 ಡ್ರೆಸಸ್" ಈ ಬಗೆಯ ಮೊದಮೊದಲ ಪುಸ್ತಕಗಳಲ್ಲಿ ಒಂದು: ಪ್ರತಿ ರಾತ್ರಿ ಕನಸಿನಲ್ಲಿ ಒಂದೊಂದು ಉಡುಪು ಕಾಣುವ ಮಗುವಿನ ಕಥೆ. 2014ರಲ್ಲಿ ಬಂದ "ಐ ಆ್ಯಮ್ ಜಾಝ್" ಇನ್ನೂ ಹೆಸರಾಯಿತು. ಜಾಝ್ ಜೆನಿಂಗ್ಸ್ ಎಂಬ ಹುಡುಗಿ ತನ್ನ ಕಥೆಯನ್ನೇ ಲೇಖಕಿಯೊಬ್ಬರ ಜತೆ ಸೇರಿ ಹೇಳಿದ್ದಾಳೆ. ಅದರಲ್ಲಿ ಒಂದು ಪ್ರಸಂಗವಿದೆ. ಮಗುವಿನ ಹಟಕ್ಕೆ ದಿಕ್ಕು ತೋಚದ ತಾಯಿತಂದೆ ಹೊಸ ಡಾಕ್ಟರೊಬ್ಬರ ಹತ್ತಿರ ಹೋಗುತ್ತಾರೆ. ಅವರು ಒಂದು ಪದ ಹೇಳುತ್ತಾರೆ. ಆ ಪದ ಸಿಕ್ಕಿದ ಮೇಲೆ ಮನೆ ಹಗುರಾಗುತ್ತದೆ. ಇದನ್ನು ಓದಿದಾಗ ನಗು ಬಂತು. ಅಲ್ಲಿ ಡಾಕ್ಟರು, ಇಲ್ಲಿ ಪೂಜಾರಿ! ಹೆತ್ತವರಿಗೆ ಹೊರಗಿನ ಒಬ್ಬ ಹಿರಿಯರ ಅಪ್ಪಣೆ ಬೇಕು, "ಇದು ನಿಮ್ಮ ತಪ್ಪಲ್ಲ" ಎಂಬ ಮಾತು ಬೇಕು. ಫ್ಲಾರಿಡಾದಲ್ಲೂ ಅದೇ, ಕುರುಗೋಡಿನಲ್ಲೂ ಅದೇ. ವ್ಯತ್ಯಾಸ ಆಮೇಲಿನದು. ಡಾಕ್ಟರ ಮಾತು ಕೇಳಿದ ಮನೆ ಮಗುವನ್ನು ಕರೆದುಕೊಂಡು ವಾಪಸು ಬಂತು.

ನಮ್ಮ ದೇಶದ ಪುಸ್ತಕಗಳಲ್ಲಿ ಮುಖ್ಯವಾದದ್ದು ಕನಕ್ ಶಶಿ ಬರೆದು ಚಿತ್ರಿಸಿದ ಗುಠ್ಲಿಯ ಕಥೆ. ಹಿಂದಿಯಲ್ಲಿ ಅದನ್ನು ಭೋಪಾಲದ ಮುಸ್ಕಾನ್ ಸಂಸ್ಥೆ ತಂದಿತು. ಇಂಗ್ಲಿಷಿನಲ್ಲಿ ಚೆನ್ನೈನ ತೂಲಿಕಾ ಪ್ರಕಾಶನ 2019ರಲ್ಲಿ "ಗುಠ್ಲಿ ಹ್ಯಾಸ್ ವಿಂಗ್ಸ್" ಎಂದು ಪ್ರಕಟಿಸಿತು. ಗುಠ್ಲಿ ಎಂದರೆ ಮಾವಿನ ಗೊರಟೆ. ಒಳಗೆ ಗಿಡವಿದೆ, ಹೊರಗೆ ಕಾಣದು. ತಾನು ಪರಿ ಎಂದು ಹೇಳಿಕೊಳ್ಳುವ ಮಗು. ನೀನು ಹುಡುಗ, ಹಾಗೆ ಹೇಳಬಾರದು ಎನ್ನುವ ಮನೆ. ದೀಪಾವಳಿಗೆ ಫ್ರಾಕು ಬೇಕೆಂಬ ಆಸೆ ಈಡೇರದೆ ಮಗು ಮಂಕಾಗುತ್ತದೆ. ಇಲ್ಲಿ ಡಾಕ್ಟರು ಬರುವುದಿಲ್ಲ, ದೇವರು ಮೈಮೇಲೆ ಬರುವುದಿಲ್ಲ, ಯಾರೂ ಯಾವ ದೊಡ್ಡ ಪದವನ್ನೂ ಹೇಳುವುದಿಲ್ಲ. ಮಗು ಬಾಡಿದ್ದನ್ನು ನೋಡಲಾರದ ತಾಯಿ ಕೊನೆಗೆ ಒಂದು ಫ್ರಾಕು ತಂದು ಕೊಡುತ್ತಾಳೆ, ಅಷ್ಟೇ. ವಿದೇಶದ ಎಷ್ಟೋ ಪುಸ್ತಕಗಳಿಗಿಂತ ಇದು ಮೇಲೆಂದು ನನಗೆ ಅನಿಸುವುದು ಈ ಕಾರಣಕ್ಕೆ. ಒಪ್ಪುವುದಕ್ಕೆ ತಾಯಿಗೆ ಯಾರ ಚೀಟಿಯೂ ಬೇಕಾಗಲಿಲ್ಲ.

ಇಂಥ ಪುಸ್ತಕಗಳಿಗೆ ವಿರೋಧವೂ ಇದೆ. 1981ರಲ್ಲಿ ಡೆನ್ಮಾರ್ಕಿನಲ್ಲಿ ಬಂದ, ಇಬ್ಬರು ಗಂಡಸರ ಮನೆಯಲ್ಲಿ ಬೆಳೆಯುವ ಹುಡುಗಿಯ ಪುಸ್ತಕವೊಂದು ಇಂಗ್ಲಿಷಿಗೆ ಬಂದಾಗ ಬ್ರಿಟನ್ನಿನಲ್ಲಿ ಎದ್ದ ಗಲಾಟೆ, 1988ರ ಪ್ರಸಿದ್ಧ 28ನೇ ಕಲಮಿಗೆ ಒಂದು ಕಾರಣವಾಯಿತು. ಶಾಲೆಗಳು ಅಂಥ ವಿಷಯವನ್ನು ಮುಟ್ಟದಂತೆ ಆ ಕಲಮು ಎಷ್ಟೋ ವರ್ಷ ತಡೆದಿತ್ತು. ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಕೆಲವು ತಾಯಿತಂದೆಯರು, ಇಂಥ ಕಥೆಗಳನ್ನು ತರಗತಿಯಲ್ಲಿ ಓದುವಾಗ ನಮ್ಮ ಮಕ್ಕಳನ್ನು ಹೊರಗೆ ಕಳಿಸಿ ಎಂದು ನ್ಯಾಯಾಲಯಕ್ಕೆ ಹೋದರು. ಅಲ್ಲಿನ ಸುಪ್ರೀಂ ಕೋರ್ಟ್ 2025ರ ಜೂನ್‌ನಲ್ಲಿ ಅವರ ಪರ ನಿಂತಿತು. ನಮ್ಮಲ್ಲೂ ಎನ್‌ಸಿಇಆರ್‌ಟಿ 2021ರಲ್ಲಿ ಇಂಥ ಮಕ್ಕಳನ್ನು ಶಾಲೆಯಲ್ಲಿ ಹೇಗೆ ಕಾಣಬೇಕೆಂದು ಶಿಕ್ಷಕರಿಗಾಗಿ ಒಂದು ಕೈಪಿಡಿ ತಂದಿತು. ಆಕ್ಷೇಪ ಬಂದ ಕೆಲವೇ ದಿನಗಳಲ್ಲಿ ಅದನ್ನು ತೆಗೆದುಹಾಕಲಾಯಿತು. ವಿರೋಧಿಸುವವರೆಲ್ಲ ಕೆಟ್ಟವರೆಂದು ಹೇಳಲಾಗದು. ತಮ್ಮ ನಂಬಿಕೆಗೆ ಹೊರತಾದುದನ್ನು ಶಾಲೆ ತಮ್ಮನ್ನು ಕೇಳದೆ ಮಗುವಿಗೆ ಹೇಳಬಾರದು ಎಂಬ ಕಳವಳ ಹೆತ್ತವರಿಗೆ ಇರುವಂಥದೇ. ಆದರೆ ಈ ಸೀಮೆಯಲ್ಲಿ "ಪುಸ್ತಕ ಓದಿದರೆ ಮಕ್ಕಳಿಗೆ ಇಲ್ಲದ್ದು ತಲೆಗೆ ಬರುತ್ತದೆ" ಎಂಬ ವಾದ ನಿಲ್ಲುವುದು ಕಷ್ಟ. ಕಲ್ಲುಕಂಬದ ಮಂಜುನಾಥ ಯಾವ ಪುಸ್ತಕ ಓದಿದ್ದ?

ಇನ್ನು ಭಾಷೆಯ ಮಾತು. ಇಂಗ್ಲಿಷಿನಲ್ಲಿ ಇಂಥ ಪುಸ್ತಕ ಬರೆಯುವವರಿಗೆ ಮಗು "ಹೀ"ಯೋ "ಶೀ"ಯೋ ಎಂಬ ತಲೆನೋವು ಮೊದಲ ಸಾಲಿನಿಂದಲೇ ಶುರು. ಹಿಂದಿಯಲ್ಲಿ ಕುರ್ಚಿಗೂ ಲಿಂಗವಿದೆ. ಮಗು ಹೋಯಿತು ಎನ್ನಬೇಕಾದರೂ ಗಂಡು ಹೆಣ್ಣು ತೀರ್ಮಾನಿಸಿಯೇ ಹೇಳಬೇಕು. ಕನ್ನಡಕ್ಕೆ ಆ ಕಷ್ಟವಿಲ್ಲ. ಕನ್ನಡದಲ್ಲಿ ಮಗು ಅಳುತ್ತದೆ, ಮಗು ನಗುತ್ತದೆ, ಮಗು ಬಂತು. ಕೂಸು, ಶಿಶು, ಮಗು ಎಲ್ಲವೂ ನಪುಂಸಕಲಿಂಗ. ಕೇಶಿರಾಜನ ಶಬ್ದಮಣಿದರ್ಪಣವಂತೂ ಮೂರಕ್ಕೆ ನಿಲ್ಲದೆ ಒಂಬತ್ತು ಲಿಂಗಗಳನ್ನು ಎಣಿಸುತ್ತದೆ. ಅದು ಪದಗಳ ಲೆಕ್ಕ, ಮನುಷ್ಯರದ್ದಲ್ಲ, ನಿಜ. ಆದರೂ ಕನ್ನಡದ ತಿರುಳೆಂದು ಕವಿರಾಜಮಾರ್ಗ ಗುರುತಿಸಿದ ನಾಡಿನಲ್ಲಿ ಕೊಪಣವೂ, ಅಂದರೆ ಇಂದಿನ ಕೊಪ್ಪಳವೂ ಸೇರಿದೆ ಎಂಬುದನ್ನು ನೆನೆದರೆ ಒಂದು ಬಗೆಯ ಸಂತೋಷವಾಗುತ್ತದೆ. ಗುಠ್ಲಿಯ ಕಥೆಯನ್ನು ಮೊದಲಿನಿಂದ ಕೊನೆಯವರೆಗೂ ಅವನು, ಅವಳು ಎನ್ನದೆ, ವ್ಯಾಕರಣ ಕೆಡಿಸದೆ ಹೇಳಬಲ್ಲ ಭಾಷೆ ನಮ್ಮದು.

ಇದಕ್ಕೆ ಇನ್ನೊಂದು ಮುಖವೂ ಇದೆ. ಮಗುವಾಗಿದ್ದಾಗ ಮುದ್ದಿಗೆ ಸಲ್ಲುವ ಅದೇ "ಅದು", ಬೆಳೆದ ಮೇಲೆ ಬೈಗುಳವಾಗುತ್ತದೆ. "ಅದು ಬಂತು ನೋಡು" ಎಂದು ಬಸ್‌ಸ್ಟ್ಯಾಂಡಿನಲ್ಲಿ ಹೇಳುವುದನ್ನು ಕೇಳಿಸಿಕೊಳ್ಳದ ಜೋಗತಿ ಇರಲಾರರು. ಅದಕ್ಕೂ ಮದ್ದು ಭಾಷೆಯಲ್ಲೇ ಇದೆ. ಗಂಡು ಹೆಣ್ಣೆನ್ನದೆ ಗೌರವ ಕೊಡುವ "ಅವರು", "ಇವರು". ಹುಲಿಗಿಯಲ್ಲಿ ತಂದೆಯ ಹೆಗಲೇರಿದ್ದ ಆ ಹುಡುಗ ಪ್ರಶ್ನೆ ಕೇಳಿದ್ದು "ಇವ್ರು" ಎಂದೇ. ಯಾರೂ ಕಲಿಸಿರಲಿಲ್ಲ.

ಪುಸ್ತಕ ಮಕ್ಕಳ ಕೈಗೆ ತಲುಪುವ ದಾರಿಯೂ ಈಗ ಮೊದಲಿಗಿಂತ ಸುಗಮ. ನಮ್ಮ ತಲೆಮಾರಿನ ಹಳ್ಳಿಯ ಹುಡುಗರಿಗೆ ಚಂದಮಾಮದ ಹಳೆಯ ಸಂಚಿಕೆ ಸಿಕ್ಕರೆ ಅದೇ ಹಬ್ಬ. ಈಗ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಇಲಾಖೆಯ ಕೈಗೆ ಬಂದಿವೆ. 2020ರಲ್ಲಿ ಶುರುವಾದ "ಓದುವ ಬೆಳಕು" ಕಾರ್ಯಕ್ರಮದಲ್ಲಿ ಮಕ್ಕಳಿಗೆ ಬಿಟ್ಟಿ ಸದಸ್ಯತ್ವವಿದೆ. ಗುಠ್ಲಿಯಂಥ ಕೂಸು ಅಲ್ಲಿನ ಕಪಾಟಿನಲ್ಲಿ ಕೂರುವುದು ದುಡ್ಡಿನ ಪ್ರಶ್ನೆಯೇ ಅಲ್ಲ.

ಈ ಲೇಖನ ಬರೆಯುವ ಮುಂಚೆ ಆ ಪುಸ್ತಕದ ಇಂಗ್ಲಿಷ್ ಪ್ರತಿಯನ್ನು ಕುಷ್ಟಗಿ ತಾಲ್ಲೂಕಿನ ನಮ್ಮ ಸಂಬಂಧಿಕರ ಮನೆಗೆ ಒಯ್ದಿದ್ದೆ. ಪಡಸಾಲೆಯಲ್ಲಿ ಕೂತು, ಬಾಯಲ್ಲೇ ಕನ್ನಡ ಮಾಡುತ್ತ, ಅಕ್ಕನ ಇಬ್ಬರು ಮಕ್ಕಳಿಗೆ ಓದಿ ಹೇಳಿದೆ. ಕೂಸು ಚಿತ್ರ ಬರೀತೈತಿ, ಕೂಸು ಪರಿ ಆಗ್ತೈತಿ. ಎರಡು ಪುಟವಾದ ಮೇಲೆ ದೊಡ್ಡವನು ತಡೆದ: "ಮಾಮಾ, ಅದು ಹುಡುಗನೋ ಹುಡುಗಿಯೋ ಮೊದಲ ಹೇಳು." ನಾನು ಬಾಯಿ ತೆಗೆಯುವ ಮುಂಚೆ ಚಿಕ್ಕವಳು, "ಅದರ ಹೆಸರು ಗುಠ್ಲಿ ಐತಿ, ಸುಮ್ಕಿರು, ಮುಂದ ಕೇಳೂಣು" ಎಂದು ಅಣ್ಣನ ತೊಡೆ ಚಿವುಟಿದಳು. ದೀಪಾವಳಿಯ ಪುಟ ಬಂದಾಗ ಇಬ್ಬರೂ ಸುಮ್ಮನಾದರು. ತಾಯಿ ಫ್ರಾಕು ಕೊಟ್ಟಾಗ ಚಿಕ್ಕವಳು ಚಪ್ಪಾಳೆ ತಟ್ಟಿದಳು. ದೊಡ್ಡವನು ಏನೂ ಹೇಳದೆ ಆ ಪುಟವನ್ನು ಮಾತ್ರ ಮತ್ತೊಮ್ಮೆ ತಿರುವಿ ನೋಡಿದ.

ಬಾಗಿಲ ಹತ್ತಿರ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದ ಅಜ್ಜಿ ಅಷ್ಟು ಹೊತ್ತೂ ಮಾತಾಡಿರಲಿಲ್ಲ. ಮೊರವನ್ನು ಪಕ್ಕಕ್ಕಿಟ್ಟು ಹೇಳಿದಳು: "ನಮ್ಮ ತವರೂರ ಓಣ್ಯಾಗ ಹಿಂತಾದ ಒಂದು ಕೂಸು ಇತ್ತು ನೋಡಪ್ಪ. ರಂಗೋಲಿ ಹಾಕಿದ್ರ ನೋಡಾಕ ಮಂದಿ ನಿಂದರತಿದ್ರು. ಹನ್ನೆರಡು ತುಂಬಿತ್ತೋ ಇಲ್ಲೋ, ಹುಲಿಗಿಗೆ ಹೋಗಿ ಬಿಟ್ಟು ಬಂದ್ರು. ಆಮ್ಯಾಗ ನಾ ಅದನ್ನ ನೋಡ್ಲಿಲ್ಲ." ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: "ಈ ಕೂಸು ಮನ್ಯಾಗ ಉಳೀತೇನು?"

"ಉಳೀತು ಅಜ್ಜಿ" ಎಂದೆ.

"ಹಂಗಾರ ತಾ ಇಲ್ಲಿ, ಚಿತ್ರರೆ ನೋಡ್ತೀನಿ" ಎಂದು ಸೆರಗಿನಿಂದ ಕೈ ಒರೆಸಿಕೊಂಡು, ಗೂಡಿನಲ್ಲಿದ್ದ ಕನ್ನಡಕಕ್ಕೆ ಕೈ ಚಾಚಿದಳು.